ಬೀಡಿ ಬಿಟ್ಟ ಮೇಲೆ ಒಸಡಲ್ಲಿ ರಕ್ತ, ಕೆನ್ನೆಯೊಳಗೆ ಬಿಳಿ ಮಚ್ಚೆ: ಮೊದಲು ಯಾವುದನ್ನ ತೋರಿಸಬೇಕು?

ಅರಕಲಗೂಡಿನವ

ಅಪ್ಪನ ವಿಚಾರ. ವಯಸ್ಸು 56. ಸಕ್ಕರೆ ಕಾಯಿಲೆಗೆ ಮಾತ್ರೆ ತಗೋತಾರೆ, ಹೃದಯಕ್ಕೆ ಅಂತ ಆಸ್ಪಿರಿನ್ 75 ಮಿಲಿಗ್ರಾಂ ಇದೆ. ಹರೆಯದಿಂದ ಸೇದುತ್ತಿದ್ದ ಬೀಡಿಯನ್ನ ಒಂದು ತಿಂಗಳ ಹಿಂದೆ ಪೂರ್ತಿ ಬಿಟ್ಟರು. ಎಲೆ ಅಡಿಕೆ ಜೊತೆ ಹಾಕೋ ತಂಬಾಕು, ಅಂದರೆ ಕಡ್ಡಿಪುಡಿ ಮಾತ್ರ ಬಿಟ್ಟಿಲ್ಲ, ಬೀಡಿ ಬಿಟ್ಟ ಮೇಲೆ ಅದು ಜಾಸ್ತಿನೇ ಆಗಿದೆ. ರಾತ್ರಿ ಮಲಗುವಾಗಲೂ ಎಡಗೆನ್ನೆಯಲ್ಲಿ ಒಂದು ಉಂಡೆ ಇರುತ್ತೆ.

ಈಗ ಹಲ್ಲುಜ್ಜಿದ ಪ್ರತಿ ಸಲವೂ ರಕ್ತ. ಸೇದುವಾಗ ಒಂದು ತೊಟ್ಟೂ ಬರ್ತಿರಲಿಲ್ಲ. "ಬೀಡಿ ಬಿಟ್ಟಿದ್ದೇ ಎಡವಟ್ಟಾಯ್ತು, ಆಗ ಒಸಡು ಗಟ್ಟಿ ಇತ್ತು" ಅಂತ ಮತ್ತೆ ಶುರು ಮಾಡೋ ಮಾತಾಡ್ತಿದ್ದಾರೆ. ಕೆಳಗಿನ ಮುಂದಿನ ಎರಡು ಹಲ್ಲು ಅಲ್ಲಾಡ್ತವೆ. ಉಂಡೆ ಇಡೋ ಜಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಬಿಳಿ ಮಚ್ಚೆ, ಸುಕ್ಕುಸುಕ್ಕಾಗಿದೆ, ನೋವಿಲ್ಲ. ಸಾರು ಸ್ವಲ್ಪ ಖಾರ ಆದರೂ ಬಾಯಿ ಉರಿ ಅಂತಾರೆ.

ರಕ್ತ ಬರೋದು ಬೀಡಿ ಬಿಟ್ಟಿದ್ದಕ್ಕೇನಾ? ಕ್ಲೀನಿಂಗ್ ಮಾಡಿಸಿದರೆ ಹಲ್ಲು ಇನ್ನೂ ಸಡಿಲ ಆಗುತ್ತೆ ಅಂತ ಊರಲ್ಲಿ ಹೆದರಿಸ್ತಾರೆ, ನಿಜಾನಾ? ಕಡ್ಡಿಪುಡಿ ಬಿಡಿಸೋಕೆ ನಿಕೋಟಿನ್ ಚೂಯಿಂಗ್ ಗಮ್ ಕೊಡಬಹುದಾ?

---

ಒಸಡಿನ ಡಾಕ್ಟರ್, ಹಾಸನ

ರಕ್ತ ಕಾಣಿಸ್ತಿರೋದು ಬೀಡಿ ಬಿಟ್ಟಿದ್ದರಿಂದಲೇ. ಆದರೆ ಕಾಯಿಲೆ ಬಿಟ್ಟ ಮೇಲೆ ಬಂದಿದ್ದಲ್ಲ, ವರ್ಷಗಳಿಂದ ಒಳಗೇ ಇತ್ತು. ಇದನ್ನ ನಿಮ್ಮ ತಂದೆಯವರಿಗೆ ಸರಿಯಾಗಿ ತಿಳಿಸಿ ಹೇಳದಿದ್ದರೆ ಅವರು ಮತ್ತೆ ಬೀಡಿ ಕಟ್ಟು ಬಿಚ್ಚೋದು ಖಂಡಿತ.

ನಿಕೋಟಿನ್ ಒಸಡಿನ ಸಣ್ಣ ರಕ್ತನಾಳಗಳನ್ನ ಬಿಗಿ ಮಾಡುತ್ತೆ. ಹಲ್ಲಿನ ಬುಡದಲ್ಲಿ ಪಾಚಿ ಕೂತು ಸೋಂಕಾದರೆ ಒಸಡು ಕೆಂಪಾಗಿ ಊದಿ, ಮುಟ್ಟಿದರೆ ರಕ್ತ ಬರಬೇಕು. ಅದು ದೇಹ ಕೊಡೋ ಎಚ್ಚರಿಕೆ. ಸೇದುವವರಲ್ಲಿ ಆ ಎಚ್ಚರಿಕೆಯೇ ಬರಲ್ಲ. ಒಸಡು ಬಿಳಿಚಿಕೊಂಡು ಗಟ್ಟಿಯಾಗಿ, ನೋಡೋಕೆ ಚೆನ್ನಾಗೇ ಇರುತ್ತೆ. ಅದರ ಕೆಳಗೆ ಹಲ್ಲು ಹಿಡಿದಿರೋ ಮೂಳೆ ಸದ್ದಿಲ್ಲದೆ ಕರಗ್ತಾ ಹೋಗುತ್ತೆ. ಹೊಗೆ ಬಿಳಿ ರಕ್ತಕಣಗಳ ಕೆಲಸವನ್ನೂ ಕುಂಠಿತ ಮಾಡುತ್ತೆ, ಹಾಗಾಗಿ ಸೋಂಕಿನ ಜೊತೆ ಹೋರಾಡೋ ಶಕ್ತಿಯೂ ಕಡಿಮೆ, ಗಾಯ ಮಾಯೋದೂ ನಿಧಾನ. ಸೇದದವರಿಗೆ ಹೋಲಿಸಿದರೆ ಸೇದುವವರಿಗೆ ಮೂಳೆ ಕರಗೋ ಒಸಡಿನ ಕಾಯಿಲೆ ಬರೋ ಸಾಧ್ಯತೆ ಕಡಿಮೆ ಅಂದರೂ ಎರಡು ಪಟ್ಟು. ಬೀಡಿ ಬಿಟ್ಟ ಕೆಲವೇ ವಾರಗಳಲ್ಲಿ ಒಸಡಿಗೆ ರಕ್ತದ ಓಡಾಟ ಮೊದಲಿನಂತಾಗುತ್ತೆ, ಮುಚ್ಚಿಹೋಗಿದ್ದ ಉರಿಯೂತ ಮೇಲೆ ಬರುತ್ತೆ. ನಾಲ್ಕರಿಂದ ಆರು ವಾರದ ಹೊತ್ತಿಗೆ ರಕ್ತ ಜಾಸ್ತಿ ಆಯ್ತು ಅಂತ ಬರೋದು ಮಾಮೂಲಿ. ನಿಮ್ಮ ತಂದೆ ಸರಿಯಾಗಿ ಅದೇ ಹಂತದಲ್ಲಿದ್ದಾರೆ. ಬಿಟ್ಟ ಮೊದಲ ಕೆಲವು ವಾರ ಸಣ್ಣ ಬಾಯಿಹುಣ್ಣು ಏಳೋದೂ ಉಂಟು, ಅದಾಗೇ ಹೋಗುತ್ತೆ.

ರಕ್ತಕ್ಕೆ ಇನ್ನೂ ಎರಡು ಕಾರಣ ಸೇರಿರಬಹುದು. ಒಂದು ಆಸ್ಪಿರಿನ್. ಅದು ಇದ್ದ ರಕ್ತವನ್ನ ಸ್ವಲ್ಪ ಹೊತ್ತು ಹೆಚ್ಚು ಹರಿಸುತ್ತೆ, ಒಸಡನ್ನ ಕೆಡಿಸಲ್ಲ. ಕ್ಲೀನಿಂಗ್ ಇದೆ ಅಂತ ನೀವಾಗೇ ಅದನ್ನ ನಿಲ್ಲಿಸಬೇಡಿ. 75 ಮಿಲಿಗ್ರಾಂ ಆಸ್ಪಿರಿನ್ ಇಟ್ಟುಕೊಂಡೇ ಕ್ಲೀನಿಂಗೂ ಮಾಡಬಹುದು, ಹಲ್ಲೂ ತೆಗೆಯಬಹುದು. ನಿಲ್ಲಿಸಿದರೆ ಹೃದಯಕ್ಕೆ ಬರೋ ಅಪಾಯ ಒಸಡಿನ ರಕ್ತಕ್ಕಿಂತ ದೊಡ್ಡದು. ಇನ್ನೊಂದು ಸಕ್ಕರೆ. ಮೂರು ತಿಂಗಳ ಸರಾಸರಿ ತೋರಿಸೋ ಎಚ್‌ಬಿಎ1ಸಿ ಪರೀಕ್ಷೆ ಈಚೆಗೆ ಮಾಡಿಸಿಲ್ಲ ಅಂದರೆ ಮಾಡಿಸಿ ಆ ಚೀಟಿ ಜೊತೆಗೇ ತನ್ನಿ. ಸಕ್ಕರೆ ಏರಿದ್ದಷ್ಟೂ ಒಸಡು ಕೆಡುತ್ತೆ, ಒಸಡು ಕೆಟ್ಟಷ್ಟೂ ಸಕ್ಕರೆ ಹಿಡಿತಕ್ಕೆ ಬರಲ್ಲ. ಒಂದನ್ನೇ ನೋಡಿಕೊಂಡು ಕೂತರೆ ಎರಡೂ ಕೈಗೆ ಸಿಗಲ್ಲ.

ಡಾಕ್ಟರ್ ಹತ್ತಿರ ಹೋದಾಗ ಏನು ನಡೀಬೇಕು ಅಂತ ಗೊತ್ತಿದ್ದರೆ ನೀವೇ ಕೇಳಬಹುದು. ಮಿಲಿಮೀಟರ್ ಗುರುತಿರೋ ತೆಳು ಕಡ್ಡಿಯನ್ನ ಒಸಡು ಮತ್ತು ಹಲ್ಲಿನ ಸಂದಿಗೆ ಇಳಿಸಿ ಪ್ರತಿ ಹಲ್ಲಿಗೂ ಆರು ಕಡೆ ಆಳ ಅಳೀತಾರೆ. 1ರಿಂದ 3 ಮಿಲಿಮೀಟರ್ ಇದ್ದರೆ ಸರಿ. 4 ಅಥವಾ ಹೆಚ್ಚಿದ್ದರೆ ಪಾಕೆಟ್, ಅಂದರೆ ಒಸಡು ಹಲ್ಲಿನಿಂದ ಬಿಟ್ಟು ಆದ ಸಂದು, ಆಗಿದೆ ಅಂತ ಲೆಕ್ಕ. 6 ಅಥವಾ ಮೇಲೆ ಇದ್ದರೆ ಬ್ರಷ್ ಆಗಲಿ ಬಾಯಿ ಮುಕ್ಕಳಿಸೋ ಔಷಧಿ ಆಗಲಿ ಅಲ್ಲಿಗೆ ಮುಟ್ಟೋದೇ ಇಲ್ಲ. ಸೇದುವವರಲ್ಲಿ ಮೇಲಿನ ಹಲ್ಲುಗಳ ಅಂಗುಳದ ಕಡೆ ಹೆಚ್ಚು ಆಳ ಸಿಗುತ್ತೆ, ಕನ್ನಡಿಯಲ್ಲಿ ಕಾಣದ ಜಾಗ ಅದು. ಜೊತೆಗೆ ಎಕ್ಸ್‌ರೇ. ಆಮೇಲೆ ಮೊದಲ ಸಲ ಒಸಡಿನ ಮೇಲಿನ ಗಟ್ಟಿ ಪಾಚಿ ತೆಗೀತಾರೆ, ನಂತರ ಮರಗಟ್ಟಿಸೋ ಇಂಜೆಕ್ಷನ್ ಕೊಟ್ಟು ಬೇರಿನ ಮೇಲಿನದನ್ನ ಕೆರೀತಾರೆ. ಒಳಗಿನದು ಕಪ್ಪಗೆ, ಬೇರಿಗೆ ಕಚ್ಚಿಕೊಂಡಿರುತ್ತೆ, ಒಂದೇ ಸಲಕ್ಕೆ ಪೂರ್ತಿ ಬಾಯಿ ಮುಗಿಯದಿರಬಹುದು. ಎರಡು ಮೂರು ತಿಂಗಳಾದ ಮೇಲೆ ಮತ್ತೆ ಅಳೀಬೇಕು. ಆ ಎರಡನೇ ಅಳತೆಗೆ ಜನ ಬರೋದೇ ಇಲ್ಲ, ಅದೇ ದೊಡ್ಡ ತೊಂದರೆ. ಮೊದಲಿಗೆ 7 ಇದ್ದದ್ದು 4ಕ್ಕೆ ಬಂತಾ ಇಲ್ಲವಾ ಅಂತ ನೋಡದೆ ಚಿಕಿತ್ಸೆ ಆಯ್ತು ಅನ್ನೋಕೆ ಬರಲ್ಲ.

ಕ್ಲೀನಿಂಗ್ ಮಾಡಿದರೆ ಹಲ್ಲು ಸಡಿಲ ಅನ್ನೋ ಮಾತಿಗೆ ಬರೋಣ. ಮೂಳೆ ಹೋದ ಹಲ್ಲುಗಳನ್ನ ಆ ಪಾಚಿಗಟ್ಟೆ ಅಕ್ಕಪಕ್ಕದ ಹಲ್ಲಿಗೆ ಅಂಟಿಸಿ ಹಿಡಿದಿರುತ್ತೆ. ತೆಗೆದಾಗ ಅಲ್ಲಾಟ ಗೊತ್ತಾಗುತ್ತೆ. ಊತ ಇಳಿದು ಒಸಡು ಕುಗ್ಗಿ ಸಂದಿ ಕಾಣುತ್ತೆ, ತಣ್ಣೀರು ಕುಡಿದರೆ ಜುಂ ಅನ್ನುತ್ತೆ. ಇಷ್ಟೂ ಆಗೋದು ಹೌದು, ಮೊದಲೇ ಹೇಳಿಬಿಟ್ಟರೆ ಆಮೇಲೆ ಜಗಳ ಇರಲ್ಲ. ಆದರೆ ಸಡಿಲ ಮಾಡಿದ್ದು ಮೂಳೆ ಕರಗಿದ್ದು, ಕ್ಲೀನಿಂಗ್ ಅಲ್ಲ. ಸ್ವಲ್ಪವೇ ಅಲ್ಲಾಡೋ ಹಲ್ಲು ಕೆಲವು ವಾರಗಳಲ್ಲಿ ಮತ್ತೆ ಬಿಗಿಯಾಗೋದೂ ಇದೆ. ಕರಗಿದ ಮೂಳೆ ಮಾತ್ರ ಮತ್ತೆ ಬೆಳೆಯುತ್ತೆ ಅಂತ ಕಾಯಬೇಡಿ.

ಮನೆಯಲ್ಲಿ: ಮೃದು ಬ್ರಷ್, ಒಸಡಿನ ಅಂಚಿಗೆ 45 ಡಿಗ್ರಿ ಓರೆಯಾಗಿ ಹಿಡಿದು ಸಣ್ಣಸಣ್ಣದಾಗಿ ಅಲ್ಲಾಡಿಸೋದು, ಎರಡು ನಿಮಿಷ, ದಿನಕ್ಕೆ ಎರಡು ಸಲ. ರಕ್ತ ಬರುತ್ತೆ ಅಂತ ಆ ಜಾಗ ಬಿಟ್ಟು ಉಜ್ಜಬೇಡಿ, ರಕ್ತ ಬರೋ ಜಾಗಕ್ಕೇ ಬ್ರಷ್ ಬೇಕಿರೋದು. ಸಂದಿ ಇದ್ದ ಕಡೆ ಸಂದಿಗೆ ಹಾಕೋ ಸಣ್ಣ ಬ್ರಷ್. ಫ್ಲೋರೈಡ್ ಇರೋ ಪೇಸ್ಟ್ ಸಾಕು. ಇದ್ದಿಲು, ಇಟ್ಟಿಗೆ ಪುಡಿ, ಉಪ್ಪು ಹರಳು ಯಾವುದೂ ಬೇಡ. ಒಸಡು ಜಾರಿ ಬೇರು ಹೊರಬಿದ್ದ ಹಲ್ಲಿಗೆ ಇವು ತಾಗಿದರೆ ಒಂದೆರಡು ವರ್ಷದಲ್ಲಿ ಹಳ್ಳ ಬೀಳುತ್ತೆ. ಹೊಗೆಸೊಪ್ಪು ಸುಟ್ಟ ಪುಡಿಯಲ್ಲಿ ಹಲ್ಲುಜ್ಜೋ ಅಭ್ಯಾಸ ಮನೆಯಲ್ಲಿ ಹಿರಿಯರಿಗೆ ಇದ್ದರೆ ಅದನ್ನೂ ತಂಬಾಕು ಅಂತಲೇ ಲೆಕ್ಕಕ್ಕೆ ಹಾಕಿ. ಹಲ್ಲುಪುಡಿ, ಪೇಸ್ಟುಗಳಿಗೆ ತಂಬಾಕು ಸೇರಿಸೋದನ್ನ 1992ರಲ್ಲೇ ಸರ್ಕಾರ ನಿಷೇಧಿಸಿದೆ.

ಕ್ಲೋರ್‌ಹೆಕ್ಸಿಡಿನ್ ಶೇಕಡಾ 0.2 ಇರೋ ಮೌತ್‌ವಾಶ್ ಬರೆದುಕೊಟ್ಟರೆ 10 ಮಿಲಿ, ಒಂದು ನಿಮಿಷ, ದಿನಕ್ಕೆ ಎರಡು ಸಲ, ಎರಡು ವಾರ. ಅದಕ್ಕಿಂತ ಹೆಚ್ಚು ದಿನ ಬೇಡ. ಪೇಸ್ಟ್ ಹಾಕಿ ಉಜ್ಜಿದ ಅರ್ಧ ಗಂಟೆ ಆದ ಮೇಲೆ ಬಳಸಿ, ಇಲ್ಲದಿದ್ದರೆ ಪೇಸ್ಟಿನ ನೊರೆ ಅದರ ಶಕ್ತಿ ಕೊಲ್ಲುತ್ತೆ. ಕಾಫಿ ಕುಡಿಯೋ ನಮ್ಮ ಕಡೆಯವರಿಗೆ ಇದರಿಂದ ಹಲ್ಲು ಬೇಗ ಕಂದು ಬಣ್ಣಕ್ಕೆ ತಿರುಗುತ್ತೆ, ಗಾಬರಿ ಬೇಡ, ಪಾಲಿಶ್‌ನಲ್ಲಿ ಹೋಗುತ್ತೆ.

ಇಷ್ಟೆಲ್ಲಾ ಹೇಳಿದೆ, ಆದರೆ ನೀವು ಬರೆದದ್ದರಲ್ಲಿ ನನಗೆ ಚಿಂತೆ ಆಗಿರೋದು ರಕ್ತದ ಬಗ್ಗೆ ಅಲ್ಲ. ಆ ಬಿಳಿ ಮಚ್ಚೆ ಮತ್ತು ಖಾರಕ್ಕೆ ಉರಿ. ಅದನ್ನ ಮೊದಲು ತೋರಿಸಿ.

---

ಬಾಯಿ ರೋಗ ವಿಭಾಗ, ಚಿಕ್ಕಮಗಳೂರು

ಮೇಡಂ ಹೇಳಿದ ಕೊನೆ ಸಾಲಿನಿಂದ ಮುಂದುವರಿಸ್ತೀನಿ.

ಎರಡು ಬೇರೆ ಬೇರೆ ಸಂಗತಿ ಒಟ್ಟಿಗೆ ನಡೀತಿರೋ ಹಾಗಿದೆ. ಮಚ್ಚೆ ತಂಬಾಕು ಮತ್ತು ಸುಣ್ಣದ ಕೆಲಸ. ಉರಿ ಅಡಿಕೆಯ ಕೆಲಸ ಇರಬಹುದು.

ಸುಣ್ಣ ಯಾಕೆ ಹಾಕ್ತಾರೆ ಅಂತ ಕೇಳಿದರೆ "ರುಚಿಗೆ" ಅಂತಾರೆ. ಸುಣ್ಣದ ಕ್ಷಾರದಿಂದ ಹೊಗೆಸೊಪ್ಪಿನ ನಿಕೋಟಿನ್ ಬಿಡುಗಡೆ ಆಗಿ ಕೆನ್ನೆಯ ತೆಳು ಪೊರೆಯಿಂದ ನೇರ ರಕ್ತಕ್ಕೆ ಸೇರುತ್ತೆ. ಅದಕ್ಕೇ ಸುಣ್ಣ ಕಡಿಮೆಯಾದರೆ "ಕಿಕ್ ಇಲ್ಲ". ಅದೇ ಸುಣ್ಣ ಆ ಪೊರೆಯನ್ನ ಸುಡ್ತಾ ಇರುತ್ತೆ, ಸುಟ್ಟ ಪೊರೆಯೊಳಗೆ ಸೊಪ್ಪಿನಲ್ಲಿರೋ ಕ್ಯಾನ್ಸರ್‌ಕಾರಕ ನೈಟ್ರೋಸಮೀನ್‌ಗಳು ಇನ್ನೂ ಸಲೀಸಾಗಿ ಇಳೀತವೆ. ಮಳೆಗಾಲದಲ್ಲಿ ತೋಟಕ್ಕೆ ಹೋಗುವಾಗ ಇಂಬಳ ಹತ್ತದಿರಲಿ ಅಂತ ಕಾಲಿಗೆ ಹೊಗೆಸೊಪ್ಪು ಸುಣ್ಣ ಹಚ್ಚಿಕೊಳ್ಳೋದು ಮಲೆನಾಡಲ್ಲಿ ಎಲ್ಲರಿಗೂ ಗೊತ್ತು. ಇಂಬಳವನ್ನ ಉದುರಿಸೋ ಅದೇ ಮಿಶ್ರಣ ರಾತ್ರಿಯಿಡೀ ಕೆನ್ನೆಯೊಳಗೆ ಕೂತಿರುತ್ತೆ. ಹಗಲಲ್ಲಾದರೆ ಜೊಲ್ಲು ತೊಳೆಯುತ್ತೆ, ಉಗುಳ್ತಾರೆ. ನಿದ್ದೆಯಲ್ಲಿ ಜೊಲ್ಲು ಸುರಿಯೋದು ತೀರಾ ಕಡಿಮೆ, ಉಂಡೆ ಒಂದೇ ಕಡೆ ಗಂಟೆಗಟ್ಟಲೆ ಒತ್ತಿಕೊಂಡಿರುತ್ತೆ. ಮೊದಲು ನಿಲ್ಲಬೇಕಾಗಿರೋದು ರಾತ್ರಿ ಉಂಡೆ. ಇವತ್ತಿನಿಂದಲೇ.

ಮಚ್ಚೆ ಪರೀಕ್ಷೆ ಹೀಗೆ ಮಾಡಿ. ಹಗಲು ಬೆಳಕಿನಲ್ಲಿ ಬಾಯಿ ಚೆನ್ನಾಗಿ ಮುಕ್ಕಳಿಸಿದ ಮೇಲೆ ಒಣ ಹತ್ತಿ ಬಟ್ಟೆಯಿಂದ ಮಚ್ಚೆ ಒರೆಸಿ. ಒರೆಸಿದರೆ ಬಂದರೆ ಅದು ಬೂಷ್ಟಿನ ಸೋಂಕು ಇರಬಹುದು, ಸಕ್ಕರೆ ಇರುವವರಲ್ಲಿ ಸಾಮಾನ್ಯ. ಬರದಿದ್ದರೆ ಕೈಬೆರಳಿಂದ ಮುಟ್ಟಿ: ಮೆತ್ತಗಿದೆಯಾ, ಕೆಳಗೆ ಗಟ್ಟಿ ಗಂಟಿನ ಹಾಗಿದೆಯಾ? ಬಿಳಿಯ ಮಧ್ಯೆ ಕೆಂಪು ಚುಕ್ಕೆ, ಒಡೆದ ಹುಣ್ಣು, ಹೂಕೋಸಿನ ಹಾಗೆ ಎದ್ದ ಭಾಗ ಇದೆಯಾ? ಇದರಲ್ಲಿ ಯಾವುದು ಇದ್ದರೂ ಕಾಯೋ ಪ್ರಶ್ನೆಯೇ ಇಲ್ಲ, ಆ ವಾರವೇ ಬಯಾಪ್ಸಿ. ಬಿಳಿ ಮಚ್ಚೆಗಿಂತ ಕೆಂಪು ಮಚ್ಚೆ ಹೆಚ್ಚು ಅಪಾಯದ್ದು, ಜನ ಮಾತ್ರ ಉಲ್ಟಾ ತಿಳ್ಕೊಂಡಿರ್ತಾರೆ.

ನೀವು ಹೇಳಿದ ಹಾಗೆ ಉಂಡೆ ಇಡೋ ಜಾಗದಲ್ಲೇ ಮೆತ್ತಗೆ, ಸುಕ್ಕುಸುಕ್ಕಾಗಿ ಮಾತ್ರ ಇದ್ದರೆ, ಕಡ್ಡಿಪುಡಿ ಪೂರ್ತಿ ನಿಲ್ಲಿಸಿದ ಎರಡರಿಂದ ಆರು ವಾರದಲ್ಲಿ ಎಷ್ಟೋ ಮಚ್ಚೆಗಳು ತಾವಾಗೇ ಹೋಗ್ತವೆ. ಹೋಗದಿದ್ದರೆ ಬಯಾಪ್ಸಿ. ಆದರೆ ಈ ಕಾಯೋ ತೀರ್ಮಾನ ಡಾಕ್ಟರ್ ಕಣ್ಣಿಂದ ನೋಡಿದ ಮೇಲೆ, ಫೋಟೋ ತೆಗೆದು ಅಳತೆ ಬರೆದಿಟ್ಟ ಮೇಲೆ. ಇನ್ನೊಂದು ಕೆನ್ನೆಗೆ ಉಂಡೆ ಬದಲಾಯಿಸಿದರೆ ಆಗುತ್ತೆ ಅಂತ ಕೆಲವರು ಮಾಡ್ತಾರೆ. ಆಗ ಎರಡು ಮಚ್ಚೆ ಆಗುತ್ತೆ.

ಬಯಾಪ್ಸಿ ಅಂದರೆ ಹೆದರೋದು ಬೇಡ. ಆ ಜಾಗ ಮರಗಟ್ಟಿಸಿ ಐದಾರು ಮಿಲಿಮೀಟರ್ ತುಂಡು ತೆಗೆದು ಒಂದೋ ಎರಡೋ ಹೊಲಿಗೆ ಹಾಕ್ತಾರೆ, ತುಂಡನ್ನ ಫಾರ್ಮಲಿನ್ ಬಾಟಲಿಯಲ್ಲಿ ಲ್ಯಾಬಿಗೆ ಕಳಿಸ್ತಾರೆ. ಚಾಕು ತಾಗಿದರೆ ಕ್ಯಾನ್ಸರ್ ಹರಡುತ್ತೆ ಅನ್ನೋದು ಸುಳ್ಳು. ಹರಡೋಕೆ ಕಾರಣ ಆಗೋದು ತಡ ಮಾಡಿದ್ದು. ಇಂಥ ಮಚ್ಚೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗಲ್ಲ, ಒಂದು ಪಾಲು ಆಗ್ತವೆ. ಯಾವುದು ಆಗುತ್ತೆ ಅಂತ ಬರೀ ಕಣ್ಣಲ್ಲಿ ನೋಡಿ ಯಾವ ಡಾಕ್ಟರಿಗೂ ಹೇಳೋಕಾಗಲ್ಲ.

ಇನ್ನು ಉರಿ. ತಂದೆಯವರಿಗೆ ಅವರದೇ ಕೈಯ ತೋರುಬೆರಳು, ನಡುಬೆರಳು, ಉಂಗುರ ಬೆರಳು ಮೂರನ್ನೂ ಜೋಡಿಸಿ, ಒಂದರ ಮೇಲೊಂದು ಬರೋ ಹಾಗೆ ಲಂಬವಾಗಿ ಮುಂದಿನ ಹಲ್ಲುಗಳ ನಡುವೆ ಇಡೋಕೆ ಹೇಳಿ. ಮೂರು ಸಲೀಸಾಗಿ ಹೋಗಬೇಕು. ಎರಡೇ ಹೋದರೆ ಬಾಯಿ ಬಿಗಿಯೋಕೆ ಶುರುವಾಗಿದೆ. ಸ್ಕೇಲ್ ಹಿಡಿದು ಅಳೆದರೆ ಮೇಲಿನ ಮತ್ತು ಕೆಳಗಿನ ಹಲ್ಲಿನ ಅಂಚಿನ ನಡುವೆ 35 ಮಿಲಿಮೀಟರ್‌ಗಿಂತ ಕಡಿಮೆ ಬಂದರೆ ಲೆಕ್ಕಕ್ಕೆ ತಗೋಬೇಕು, 20ಕ್ಕಿಂತ ಕಡಿಮೆ ಅಂದರೆ ತುಂಬಾ ಮುಂದುವರಿದಿದೆ. ಕೆನ್ನೆಯನ್ನ ಒಳಗೊಂದು ಹೊರಗೊಂದು ಬೆರಳಿಟ್ಟು ಹಿಚುಕಿ ನೋಡಿ. ಒಳಗೆ ಮೇಲಿಂದ ಕೆಳಕ್ಕೆ ದಾರ ಎಳೆದ ಹಾಗೆ ಗಟ್ಟಿ ಪಟ್ಟಿ ಸಿಕ್ಕಿದರೆ, ಕೆನ್ನೆಯೊಳಗೆ ಬಿಳಿಚಿಕೊಂಡಿದ್ದರೆ, ನಾಲಿಗೆ ಪೂರ್ತಿ ಹೊರಗೆ ಚಾಚೋಕಾಗದಿದ್ದರೆ, ಪೀಪಿ ಊದೋಕೆ ಕಷ್ಟವಾದರೆ, ಅದು ಸಬ್‌ಮ್ಯೂಕಸ್ ಫೈಬ್ರೋಸಿಸ್. ಅಡಿಕೆಯ ಅರೆಕೋಲಿನ್ ಚರ್ಮದ ಕೆಳಗೆ ನಾರು ಹೆಚ್ಚು ಹುಟ್ಟಿಸುತ್ತೆ, ಅಡಿಕೆಯಲ್ಲಿರೋ ತಾಮ್ರ ಆ ನಾರುಗಳನ್ನ ಒಂದಕ್ಕೊಂದು ಹೆಣೆದು ಕರಗದ ಹಾಗೆ ಮಾಡುತ್ತೆ. ಖಾರಕ್ಕೆ ಉರಿಯೋದು ಇದರ ಮೊದಲ ಲಕ್ಷಣ, ಬಾಯಿ ಬಿಗಿಯೋದು ಆಮೇಲೆ. ಈ ಹಂತದಲ್ಲಿ ಅಡಿಕೆ ನಿಂತರೆ ಉರಿ ಇಳಿಯಬಹುದು, ಬಿಗಿತ ಮುಂದುವರಿಯೋದೂ ತಗ್ಗಬಹುದು. ಕಟ್ಟಿದ ನಾರು ಮಾತ್ರ ಪೂರ್ತಿ ಹೋಗಲ್ಲ. ಇಂಜೆಕ್ಷನ್, ಐಸ್‌ಕ್ರೀಮ್ ಕಡ್ಡಿಗಳನ್ನ ಹಲ್ಲಿನ ಮಧ್ಯೆ ಒಂದೊಂದೇ ಹೆಚ್ಚಿಸ್ತಾ ಇಡೋ ವ್ಯಾಯಾಮ, ಅದೂ ಸಾಲದಿದ್ದರೆ ಆಪರೇಷನ್. ವ್ಯಾಯಾಮ ದಿನಾ ಮಾಡದಿದ್ದರೆ ಆಪರೇಷನ್ ಮಾಡಿದ ಬಾಯಿಯೂ ಮತ್ತೆ ಬಿಗಿಯುತ್ತೆ.

---

ತರೀಕೆರೆ ತೋಟದವರು

ಡಾಕ್ಟ್ರೇ, ಒಂದು ತಕರಾರು. ಎಲ್ಲಾ ಅಡಿಕೆ ತಲೆಗೆ ಕಟ್ಟಬೇಡಿ. ಗುಟ್ಕಾ ಪೊಟ್ಟಣದಲ್ಲಿ ಬರೋದು ಏನು ಅಡಿಕೆಯೋ, ಏನೇನು ಸುಗಂಧ, ಬಣ್ಣ, ಕಾಚು ಸೇರಿಸಿರ್ತಾರೋ. ನಮ್ಮ ಕಡೆ ಕೆಂಪಡಿಕೆ ಸುಲಿದು, ಚೊಗರಿನಲ್ಲಿ (ಅಡಿಕೆ ಬೇಯಿಸಿ ಬಂದ ಒಗರು ನೀರು) ಬೇಯಿಸಿ, ಒಣಗಿಸಿದ್ದು. ಬೇಯುವಾಗ ಒಗರೆಲ್ಲ ನೀರಿಗೆ ಬಿಡುತ್ತೆ. ಅಜ್ಜಂದಿರು ಊಟ ಆದ ಮೇಲೆ ಎರಡು ಚೂರು ಅಡಿಕೆ, ಎಲೆ, ಕಡಲೆಯಷ್ಟು ಸುಣ್ಣ ಹಾಕಿ ಎಂಬತ್ತು ವರ್ಷ ಬದುಕಿದರು. ಊಟದ ಮೇಲಿನ ಆ ಒಂದು ಎಲೆಯನ್ನೂ ಪೊಟ್ಟಣವನ್ನೂ ಒಂದೇ ತಕ್ಕಡಿಗೆ ಹಾಕೋದು ಸರಿಯಾ?

---

ಬಾಯಿ ರೋಗ ವಿಭಾಗ, ಚಿಕ್ಕಮಗಳೂರು

ಅರ್ಧ ಒಪ್ಪುತ್ತೀನಿ. ಬೇಯಿಸಿದಾಗ ಅರೆಕೋಲಿನ್ ಒಂದಷ್ಟು ನೀರಿಗೆ ಹೋಗುತ್ತೆ, ಹಸಿ ಅಡಿಕೆಗಿಂತ ಬೇಯಿಸಿದ್ದರಲ್ಲಿ ಕಡಿಮೆ. ಪ್ರಮಾಣಕ್ಕೂ ಬೆಲೆ ಇದೆ: ಊಟ ಆದ ಮೇಲೆ ಒಂದು ಎಲೆ ಹಾಕಿ ಐದು ನಿಮಿಷಕ್ಕೆ ಉಗಿದು ಬಾಯಿ ತೊಳೆಯೋದಕ್ಕೂ, ದಿನಕ್ಕೆ ಹತ್ತು ಹದಿನೈದು ಪೊಟ್ಟಣ ಬಾಯಲ್ಲೇ ಇಟ್ಟುಕೊಳ್ಳೋದಕ್ಕೂ ಅಪಾಯದಲ್ಲಿ ಅಜಗಜಾಂತರ. ಪೊಟ್ಟಣದ ಪುಡಿ ಒಣ, ಸಣ್ಣ, ಜೊತೆಗೆ ಎಲೆ ಇರಲ್ಲ. ಹಾಗಾಗಿ ಫೈಬ್ರೋಸಿಸ್ ಇನ್ನೂ ಬೇಗ ಬರುತ್ತೆ, ಇಪ್ಪತ್ತು ದಾಟದ ಹುಡುಗರಲ್ಲೂ ಕಾಣುತ್ತೆ.

ಒಪ್ಪದ ಅರ್ಧ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಐಎಆರ್‌ಸಿ ತಂಬಾಕು ಸೇರಿಸದ ಬರೀ ಅಡಿಕೆಯನ್ನೂ 2004ರಲ್ಲೇ ಮನುಷ್ಯರಲ್ಲಿ ಕ್ಯಾನ್ಸರ್ ತರೋ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅದೇ ಸಂಸ್ಥೆಯ ಲೆಕ್ಕದಲ್ಲಿ 2022ರಲ್ಲಿ ಜಗತ್ತಿನಲ್ಲಿ ಬಂದ ಬಾಯಿ ಕ್ಯಾನ್ಸರ್‌ಗಳಲ್ಲಿ ಸುಮಾರು ಮೂರರಲ್ಲೊಂದು ಹೊಗೆರಹಿತ ತಂಬಾಕು ಮತ್ತು ಅಡಿಕೆಯಿಂದ, ಅದರಲ್ಲಿ ಭಾರತದ್ದೇ 83,400. ಅಡಿಕೆ ಬೆಳೆಗಾರರ ಹೊಟ್ಟೆಪಾಡಿನ ಚರ್ಚೆ ಬೇರೆ, ಅದಕ್ಕೆ ಇನ್ನೊಂದು ಎಳೆ ತೆರೆಯೋಣ. ಇಲ್ಲಿ ಕೇಳಿರೋರ ತಂದೆಗೆ ಖಾರಕ್ಕೆ ಉರಿ ಇದೆ. ಆ ಬಾಯಿಗೆ ತರೀಕೆರೆಯದೂ ಬೇಡ, ಕೊಪ್ಪದ್ದೂ ಬೇಡ.

ಗುಟ್ಕಾ ಕರ್ನಾಟಕದಲ್ಲಿ 2013ರಿಂದ ನಿಷೇಧ ಆಗಿದೆ. ಈಗ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಅಂತ ಜೋಡಿಯಾಗಿ ಮಾರ್ತಾರೆ, ಗಿರಾಕಿ ಅಂಗೈಯಲ್ಲಿ ಬೆರೆಸ್ತಾನೆ. ಬಾಯಿಗೆ ಎರಡಕ್ಕೂ ವ್ಯತ್ಯಾಸ ಗೊತ್ತಾಗಲ್ಲ.

---

ವ್ಯಸನ ಬಿಡಿಸೋ ಆಪ್ತಸಮಾಲೋಚಕ, ಸಕಲೇಶಪುರ

ನಿಕೋಟಿನ್ ಗಮ್ ಬಗ್ಗೆ ಯಾರೂ ಹೇಳಿಲ್ಲ, ಅದು ನನ್ನ ಭಾಗ.

ಬೀಡಿ ಬಿಟ್ಟ ಮೇಲೆ ಕಡ್ಡಿಪುಡಿ ಜಾಸ್ತಿ ಆಗಿದ್ದು ಚಪಲ ಅಲ್ಲ. ದೇಹ ಕೇಳ್ತಿದ್ದ ನಿಕೋಟಿನ್ ಹೊಗೆಯಲ್ಲಿ ಬರೋದು ನಿಂತಿದೆ, ಅದನ್ನ ಕೆನ್ನೆಯಿಂದ ತುಂಬಿಕೊಳ್ತಿದ್ದಾರೆ ಅಷ್ಟೇ. ಹಾಗಾಗಿ ಬರೀ "ಬಿಡಿ ಅಪ್ಪಾ" ಅಂದರೆ ನಡೆಯಲ್ಲ, ನಿಕೋಟಿನ್ ಬೇರೆ ದಾರಿಯಲ್ಲಿ ಸ್ವಲ್ಪ ದಿನ ಕೊಟ್ಟು ಇಳಿಸ್ತಾ ಬರಬೇಕು.

ಗಮ್ 2 ಮಿಲಿಗ್ರಾಂ, 4 ಮಿಲಿಗ್ರಾಂ ಎರಡು ಬರುತ್ತೆ. ಎದ್ದ ಅರ್ಧ ಗಂಟೆಯೊಳಗೆ ತಂಬಾಕು ಬೇಕು ಅನ್ನೋವರಿಗೆ 4, ಉಳಿದವರಿಗೆ 2. ನೂರಕ್ಕೆ ತೊಂಬತ್ತು ಜನ ಇದನ್ನ ಮಾಮೂಲಿ ಚೂಯಿಂಗ್ ಗಮ್ ಹಾಗೆ ಅಗಿದು, ಗಂಟಲು ಉರಿ, ಬಿಕ್ಕಳಿಕೆ, ಹೊಟ್ಟೆ ತೊಳಸು ಅಂತ ಮೂರನೇ ದಿನಕ್ಕೆ ಬಿಸಾಕ್ತಾರೆ. ಸರಿಯಾದ ಕ್ರಮ: ನಿಧಾನವಾಗಿ ಅಗೀರಿ, ಮೆಣಸಿನ ಹಾಗೆ ಚುರುಕು ಬಂದ ತಕ್ಷಣ ನಿಲ್ಲಿಸಿ ಕೆನ್ನೆ ಒಸಡಿನ ಸಂದಿಗೆ ತಳ್ಳಿ. ಒಂದು ನಿಮಿಷ ಸುಮ್ಮನಿರಿ. ಚುರುಕು ಇಳಿದರೆ ಮತ್ತೆ ನಾಲ್ಕು ಸಲ ಅಗೀರಿ, ಈ ಸಲ ಬೇರೆ ಜಾಗಕ್ಕೆ ತಳ್ಳಿ. ಅರ್ಧ ಗಂಟೆಗೆ ಒಂದು ಮುಗಿಯುತ್ತೆ. ಜೊಲ್ಲು ನುಂಗಿದಷ್ಟೂ ವ್ಯರ್ಥ, ನಿಕೋಟಿನ್ ಇಳಿಯೋದು ಕೆನ್ನೆಯಿಂದ. ಮೊದಲ ಆರು ವಾರ ಒಂದೆರಡು ಗಂಟೆಗೊಂದು, ಆಮೇಲೆ ಮೂರು ವಾರ ಎರಡು ನಾಲ್ಕು ಗಂಟೆಗೊಂದು, ಕೊನೆಯ ಮೂರು ವಾರ ಇನ್ನೂ ದೂರ ದೂರ. ದಿನಕ್ಕೆ 24 ದಾಟಬಾರದು.

ನಮ್ಮ ಜಿಲ್ಲೆಯವರಿಗೆ ಮುಖ್ಯವಾದ ಮಾತು: ಗಮ್ ಹಾಕೋ ಹದಿನೈದು ನಿಮಿಷ ಮೊದಲಿಂದ ಬಾಯಲ್ಲಿ ಗಮ್ ಇರೋ ತನಕ ಕಾಫಿ ಬೇಡ. ಕಾಫಿ, ನಿಂಬೆ ಪಾನಕ, ಸೋಡಾ ಎಲ್ಲಾ ಬಾಯಿಯನ್ನ ಹುಳಿ ಮಾಡ್ತವೆ, ಹುಳಿಯಲ್ಲಿ ನಿಕೋಟಿನ್ ಕೆನ್ನೆಯಿಂದ ಇಳಿಯಲ್ಲ. ಸುಣ್ಣ ಮಾಡೋ ಕೆಲಸಕ್ಕೆ ಪೂರ್ತಿ ವಿರುದ್ಧ. ಬೆಳಿಗ್ಗೆ ಕಾಫಿ ಜೊತೆಗೇ ಗಮ್ ಹಾಕಿ "ಇದು ಏನೂ ಕೆಲಸ ಮಾಡಲ್ಲ" ಅನ್ನೋರು ತುಂಬಾ ಜನ.

ಇಷ್ಟು ಹೇಳಿದ ಮೇಲೂ, ನಿಮ್ಮ ತಂದೆಗೆ ಗಮ್ ನನ್ನ ಮೊದಲ ಆಯ್ಕೆ ಅಲ್ಲ. ಅಲ್ಲಾಡೋ ಹಲ್ಲು, ಉರಿಯೋ ಬಾಯಿ, ಬಿಗಿತದ ಅನುಮಾನ ಇರೋರಿಗೆ ಪಟ್ಟಿ ವಾಸಿ. ಚರ್ಮಕ್ಕೆ ಅಂಟಿಸೋ ನಿಕೋಟಿನ್ ಪಟ್ಟಿ 21, 14, 7 ಮಿಲಿಗ್ರಾಂ ಅಂತ ಬರುತ್ತೆ. ದೊಡ್ಡದರಿಂದ ಶುರು ಮಾಡಿ ವಾರಗಳ ಲೆಕ್ಕದಲ್ಲಿ ಇಳಿಸೋದು. ಹೃದಯದ ಮಾತ್ರೆ ಇರೋದರಿಂದ ಯಾವ ಅಳತೆ ಅಂತ ಅವರ ಡಾಕ್ಟರೇ ಹೇಳಬೇಕು. ಬೆಳಿಗ್ಗೆ ತೋಳು ಅಥವಾ ಎದೆಯ ಮೇಲೆ, ಕೂದಲಿಲ್ಲದ ಒಣ ಜಾಗಕ್ಕೆ, ಎಣ್ಣೆ ಹಚ್ಚದೆ, ದಿನಾ ಜಾಗ ಬದಲಾಯಿಸಿ. ಕೆಟ್ಟ ಕನಸು ಬಿದ್ದು ನಿದ್ದೆ ಕೆಟ್ಟರೆ ಮಲಗುವಾಗ ಕಿತ್ತುಬಿಡಿ.

ಅರಕಲಗೂಡು ಅಂದಿದ್ದಕ್ಕೆ ಇನ್ನೊಂದು. ಮನೆಯಲ್ಲಿ ಹೊಗೆಸೊಪ್ಪು ಬೆಳೆ ಇದ್ದರೆ, ಮಳೆಯಲ್ಲಿ ನೆನೆದ ಹಸಿ ಎಲೆ ಕೀಳುವಾಗ, ಎಲೆ ಒಣಗಿಸೋ ಬ್ಯಾರನ್‌ಗೆ ಕಟ್ಟುವಾಗ ಕೈಚರ್ಮದಿಂದಲೇ ನಿಕೋಟಿನ್ ದೇಹಕ್ಕೆ ಸೇರುತ್ತೆ. ವಾಂತಿ, ತಲೆಸುತ್ತು, ಬೆವರು ಬರೋದು ಅದಕ್ಕೇ. ಪಟ್ಟಿ ಹಾಕಿಕೊಂಡು ಆ ಕೆಲಸಕ್ಕೆ ಇಳಿದರೆ ಎರಡೂ ಕೂಡಿ ಹೆಚ್ಚಾಗಬಹುದು. ಎಲೆ ಕೀಳೋ ದಿನಗಳಲ್ಲಿ ಗ್ಲೌಸ್, ಉದ್ದ ತೋಳಿನ ಅಂಗಿ, ಒದ್ದೆಯಾದ ಬಟ್ಟೆ ತಕ್ಷಣ ಬದಲಾಯಿಸೋದು. ಪಟ್ಟಿ ಬಗ್ಗೆ ಡಾಕ್ಟರಿಗೆ ಮೊದಲೇ ಹೇಳೋದು.

ಬಿಟ್ಟ ಮೊದಲ ಮೂರು ದಿನ ಬಹಳ ಕಷ್ಟ, ಎರಡರಿಂದ ನಾಲ್ಕು ವಾರಕ್ಕೆ ಹತೋಟಿಗೆ ಬರುತ್ತೆ. ಒಂದೊಂದು ಸಲ ಚಟ ಎಳೆಯೋದು ಕೆಲವೇ ನಿಮಿಷ. ಆ ಹೊತ್ತಿಗೆ ಬಾಯಿಗೆ ಏನಾದರೂ ಬೇಕು: ಏಲಕ್ಕಿ, ಬಡೇಸೋಪು, ಹುರಿಗಡಲೆ. ಲವಂಗ, ಉಪ್ಪು ಹಾಕಿದ ನೆಲ್ಲಿಕಾಯಿ ಉರಿಯೋ ಬಾಯಿಗೆ ಬೇಡ. ಸಕ್ಕರೆ ಇರೋದರಿಂದ ಪೆಪ್ಪರ್‌ಮಿಂಟೂ ಬೇಡ. ಎಲೆ ಅಡಿಕೆ ಚೀಲ, ಸುಣ್ಣದ ಡಬ್ಬಿ ಮನೆಯಿಂದಲೇ ಹೊರಗೆ ಹೋಗಲಿ. "ಬರೀ ಎಲೆ ಹಾಕ್ತೀನಿ" ಅಂತ ಚೀಲ ಉಳಿಸಿಕೊಂಡವರು ವಾರದಲ್ಲಿ ಕಡ್ಡಿಪುಡಿಗೆ ವಾಪಸ್ ಬರ್ತಾರೆ. ತಂಬಾಕು ಪೊಟ್ಟಣದ ಮೇಲೇ ಇರೋ ಉಚಿತ ಸಹಾಯವಾಣಿ 1800-11-2356, ಕನ್ನಡದಲ್ಲೇ ಮಾತಾಡ್ತಾರೆ.

---

ಅರಕಲಗೂಡಿನವ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೆರಳಿನ ಪರೀಕ್ಷೆ ಮಾಡಿಸಿದೆ, ಮೂರನೇ ಬೆರಳು ಬಿಗಿಯಾಗಿ ಹೋಗುತ್ತೆ. ಮಚ್ಚೆ ಒರೆಸಿದರೆ ಬರಲಿಲ್ಲ, ಮೆತ್ತಗಿದೆ, ಕೆಂಪಿಲ್ಲ. ಸೋಮವಾರ ಹಾಸನಕ್ಕೆ ಕರ್ಕೊಂಡು ಹೋಗ್ತೀನಿ. ಒಂದೇ ಅನುಮಾನ: ಅಲ್ಲಾಡೋ ಆ ಎರಡು ಹಲ್ಲನ್ನ ಅಲ್ಲೇ ಕೀಳಿಸಿಬಿಡಲಾ? ಮತ್ತೆ ಯಾವ ಡಾಕ್ಟರ್ ಅಂತ ಕೇಳಬೇಕು?

---

ಒಸಡಿನ ಡಾಕ್ಟರ್, ಹಾಸನ

ಹಲ್ಲಿನ ಆಸ್ಪತ್ರೆಯಲ್ಲಿ ಮೊದಲು ಬಾಯಿ ರೋಗ ಪತ್ತೆ ವಿಭಾಗ, ಅಂದರೆ ಓರಲ್ ಮೆಡಿಸಿನ್ ಕೇಳಿ, ಆಮೇಲೆ ಒಸಡಿನ ವಿಭಾಗ. ಹಾಸನದ ಶ್ರೀ ಹಾಸನಾಂಬ ಡೆಂಟಲ್ ಕಾಲೇಜಿನಂಥ ಕಡೆ ಎರಡೂ ಒಂದೇ ಕಟ್ಟಡದಲ್ಲಿ ಸಿಗುತ್ತೆ. ಮುಂದೆ ದೊಡ್ಡ ಚಿಕಿತ್ಸೆ ಬೇಕಾದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಕೇಳಬಹುದು, ಪಡಿತರ ಚೀಟಿ ಮತ್ತು ಆಧಾರ್ ಜೊತೆಗಿರಲಿ.

ಹಲ್ಲು ಕೀಳಿಸೋ ಆತುರ ಬೇಡ. ಮೂಳೆ ಎಷ್ಟು ಉಳಿದಿದೆ ಅಂತ ಎಕ್ಸ್‌ರೇ ನೋಡಿ, ಕ್ಲೀನಿಂಗ್ ಆಗಿ, ಮರು ಅಳತೆ ಆದ ಮೇಲೆ ತೀರ್ಮಾನ. ಎಷ್ಟೋ ಸಲ ಪಕ್ಕದ ಹಲ್ಲಿಗೆ ತೆಳು ತಂತಿಯಿಂದ ಜೋಡಿಸಿ ಉಳಿಸಬಹುದು.

ಕೀಳಲೇಬೇಕು ಅಂತ ಬಂದರೆ, ಕಿತ್ತ ಮೇಲೆ ಕನಿಷ್ಠ ಮೂರು ದಿನ ಬೀಡಿ, ಕಡ್ಡಿಪುಡಿ, ಎಲೆ ಯಾವುದೂ ಬಾಯಿಗೆ ಹೋಗಬಾರದು. ಗುಣಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಮೂಳೆಗೆ ಹೊದಿಕೆ. ಸೇದುವಾಗ ಎಳೆಯೋ ಎಳೆತಕ್ಕೆ ಆ ಹೆಪ್ಪು ಕಿತ್ತು ಬರುತ್ತೆ, ನಿಕೋಟಿನ್ ಹೊಸ ರಕ್ತ ಬರದ ಹಾಗೆ ಮಾಡುತ್ತೆ. ಎರಡನೇ ಮೂರನೇ ದಿನಕ್ಕೆ ಕಿವಿ ತನಕ ಹೊಡೆಯೋ ನೋವು, ದುರ್ನಾತ ಬಂದರೆ ಅದು ಒಣ ಗುಣಿ; ನೋವಿನ ಮಾತ್ರೆ ನುಂಗಿಕೊಂಡು ಕೂರದೆ ವಾಪಸ್ ಬನ್ನಿ, ಗುಣಿ ತೊಳೆದು ಔಷಧಿ ತುಂಬಿದರೆ ಬೇಗ ಇಳಿಯುತ್ತೆ. ಸ್ಟ್ರಾ ಹಾಕಿ ಕುಡಿಯೋದು, ಮೊದಲ ದಿನ ಜೋರಾಗಿ ಮುಕ್ಕಳಿಸಿ ಉಗಿಯೋದೂ ಬೇಡ.

ಸೋಮವಾರ ಹೊರಡುವಾಗ ಸಕ್ಕರೆ ಮಾತ್ರೆ, ಆಸ್ಪಿರಿನ್ ಎಂದಿನಂತೆ ತಗೊಂಡು, ತಿಂಡಿ ತಿನ್ನಿಸಿಕೊಂಡೇ ಕರ್ಕೊಂಡು ಬನ್ನಿ. ಸಕ್ಕರೆ ಮಾತ್ರೆ ನುಂಗಿ ಖಾಲಿ ಹೊಟ್ಟೆಯಲ್ಲಿ ಬಂದರೆ ಸಕ್ಕರೆ ಇಳಿದು ಕುರ್ಚಿಯಲ್ಲೇ ತಲೆ ಸುತ್ತಬಹುದು. ಮಾತ್ರೆಗಳ ಹಾಳೆ, ಹಳೇ ಎಚ್‌ಬಿಎ1ಸಿ ಚೀಟಿ, ಮಚ್ಚೆಯ ಫೋಟೋ ಮೊಬೈಲಿನಲ್ಲಿದ್ದರೆ ಅದು, ಇಷ್ಟು ಸಾಕು. ಕಡ್ಡಿಪುಡಿ ದಿನಕ್ಕೆ ಎಷ್ಟು ಸಲ, ಒಂದೊಂದು ಸಲ ಎಷ್ಟು ಹೊತ್ತು ಅಂತ ಡಾಕ್ಟರ್ ಕೇಳಿದಾಗ ಅಪ್ಪ "ಯಾವಾಗಲೋ ಒಂದೊಂದು" ಅಂತಾರೆ. ಪಕ್ಕದಲ್ಲೇ ನಿಂತಿದ್ದು ನೀವು ಸರಿಯಾದ ಲೆಕ್ಕ ಕೊಡಿ.